ಹೃದಯಾಘಾತವಾದವರಿಗೆ ವಿಶ್ರಾಂತಿಯೊಂದೇ ಸಾಕೇ?

ಹರಿಹರ ತಾಲ್ಲೂಕಿನ ನಮ್ಮ ಕಡರನಾಯಕನಹಳ್ಳಿಯ ಮನೆಯ ಕೊಟ್ಟಿಗೆಯಲ್ಲಿ ಹಳೆಯ ಸಲಿಕೆಯೊಂದು ಗೋಡೆಗೆ ಒರಗಿ ನಿಂತಿದೆ. ಅದರ ಹಿಡಿ ನನ್ನ ದೊಡ್ಡಪ್ಪನ ಮಗನ ಅಂಗೈ ತಾಗಿ ತಾಗಿ ನುಣುಪಾಗಿದೆ. ಕೊಟ್ಟಿಗೆಗೆ ಹೋದಾಗಲೆಲ್ಲ ನನ್ನ ಕಣ್ಣು ಅದರ ಮೇಲೆ ಬೀಳುತ್ತದೆ, ಮನಸ್ಸು ಮುದುಡುತ್ತದೆ. ಏಕೆಂದರೆ ಅದನ್ನು ಅವನ ಕೈಯಿಂದ ಕಿತ್ತು ಅಲ್ಲಿಟ್ಟವನು ನಾನೇ. ಪ್ರೀತಿಯಿಂದಲೇ ಕಿತ್ತುಕೊಂಡೆ. ಆದರೆ ಪ್ರೀತಿಯಿಂದ ಮಾಡಿದ್ದೆಲ್ಲ ಸರಿಯಾಗಿರುತ್ತದೆ ಎಂಬ ನಿಯಮವಿಲ್ಲವಲ್ಲ.

2009ರ ಬೇಸಿಗೆ ಬೆಳೆಯ ಕೊಯ್ಲಿನ ಸಮಯ. ಅಣ್ಣನಿಗೆ ಆಗ 58 ವರ್ಷ. ಭದ್ರಾ ನಾಲೆಯ ನೀರಿನಲ್ಲಿ ಮೂವತ್ತು ನಲವತ್ತು ವರ್ಷ ಭತ್ತ ಬೆಳೆದ ಗಟ್ಟಿ ಆಳು. ಗದ್ದೆಯಿಂದ ಬಂದವನು ಎದೆ ಹಿಡಿದುಕೊಂಡು ಕುಳಿತ. ಮೈಯೆಲ್ಲ ಬೆವರು. "ವಾಯು ಹಿಡದೈತಿ" ಎಂದು ಸೋಡಾ ಕುಡಿಸಿದರು, ಎದೆಗೆ ಎಣ್ಣೆ ತಿಕ್ಕಿದರು. ಒಂದು ಗಂಟೆ ಹೀಗೆಯೇ ಹೋಯಿತು. ಕೊನೆಗೆ ಯಾರದೋ ಜೀಪಿನಲ್ಲಿ ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ವೈದ್ಯರು ಮುಚ್ಚಿಹೋಗಿದ್ದ ರಕ್ತನಾಳವನ್ನು ತೆರೆದು ಸ್ಟೆಂಟ್ ಅಳವಡಿಸಿದರು. ಅಣ್ಣ ಉಳಿದ. ಆ ವೈದ್ಯರ ಉಪಕಾರವನ್ನು ನಮ್ಮ ಮನೆತನ ಎಂದಿಗೂ ಮರೆಯಲಾರದು.

ಮನೆಗೆ ಕಳುಹಿಸುವಾಗ ಅವರು ಹೇಳಿದ್ದು ಎರಡೇ ಮಾತು: "ಮಾತ್ರೆ ತಪ್ಪಿಸಬೇಡಿ. ಇನ್ನು ಆರಾಮಾಗಿರಿ." ಮನೆಯವರಲ್ಲಿ ಓದಿದವನು ನಾನೊಬ್ಬನೇ ಆದ್ದರಿಂದ ಆ ಎರಡನೆಯ ಮಾತಿಗೆ ಭಾಷ್ಯ ಬರೆಯುವ ಹೊಣೆ ನನ್ನ ಮೇಲೆ ಬಿತ್ತು. ಆರಾಮ ಎಂದರೆ ಕೆಲಸ ಬೇಡವೆಂದು ನಾನು ಅರ್ಥ ಹೇಳಿದೆ. ಎಷ್ಟು ದಿನ ಎಂದು ವೈದ್ಯರನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ಪದದ ಅರ್ಥಕ್ಕಾಗಿ ಮಕ್ಕಳನ್ನು ಹತ್ತು ಪ್ರಶ್ನೆ ಕೇಳುತ್ತಿದ್ದ ನಾನು, ಒಡಹುಟ್ಟಿದವನಂತಿದ್ದ ಅಣ್ಣನ ಬಾಳಿನ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ಒಂದು ಮುಂಜಾನೆ ಅವನು ಸಲಿಕೆ ಹಿಡಿದು ಹೊರಟಿದ್ದ. ನಾನು ಅಡ್ಡ ನಿಂತೆ. "ಸುಮ್ನೆ ನೀರು ನೋಡ್ಕೊಂಡು ಬರ್ತೀನಿ ತಮ್ಮಾ" ಎಂದ. "ನೀರು ನೋಡಾಕ ಸಲಿಕೆ ಯಾಕಣ್ಣಾ? ಡಾಕ್ಟರು ಹೇಳಿದ್ದು ಮರ್ತೆಯಾ?" ಎಂದು ಅದನ್ನು ಕಿತ್ತುಕೊಂಡೆ. ಅವನು ಮರುಮಾತಾಡದೆ ಒಳಗೆ ಹೋಗಿ ಕುಳಿತ. ಗದ್ದೆಯನ್ನು ಬೇರೆಯವರಿಗೆ ಪಾಲಿಗೆ ಕೊಟ್ಟೆವು. ಅಂದಿನಿಂದ ಅವನ ದಿನ ಜಗಲಿಯ ಕುರ್ಚಿಯಲ್ಲಿ ಆರಂಭವಾಗಿ ಅಲ್ಲಿಯೇ ಮುಗಿಯತೊಡಗಿತು. ಮೈ ಊದಿತು, ಸಕ್ಕರೆ ಕಾಯಿಲೆ ಸೇರಿಕೊಂಡಿತು, ಮಾತು ಕಡಿಮೆಯಾಯಿತು. ಮಾತ್ರೆ ಕೊಟ್ಟರೆ "ಇದನ್ನ ನುಂಗಿ ಏನ್ ಮಾಡೋದೈತಿ?" ಎನ್ನುತ್ತಿದ್ದ. 2012ರಲ್ಲಿ ಒಂದು ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಕೆಲಸ ಬಿಡಿಸಿದ್ದರಿಂದಲೇ ಅವನು ಸತ್ತನೆಂದು ನಾನು ಹೇಳಲಾರೆ. ಹಾಗೆ ಹೇಳಲು ನಾನು ವೈದ್ಯನಲ್ಲ. ಆದರೆ ಆಸ್ಪತ್ರೆ ಉಳಿಸಿಕೊಟ್ಟ ಆ ಮೂರು ವರ್ಷಗಳನ್ನು ಅವನು ಬಾಳಲಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಈ ಲೇಖನ ಬರೆಯಲು ಅದೇ ಕಾರಣ. ಹೃದಯಾಘಾತದಿಂದ ಜೀವ ಉಳಿಸುವುದನ್ನು ನಮ್ಮ ನಾಡು ಸಾಕಷ್ಟು ಕಲಿತಿದೆ. ಉಳಿದ ಜೀವವನ್ನು ಅದರ ಕೆಲಸಕ್ಕೆ, ಅದರ ದಿನಚರಿಗೆ ಮರಳಿಸುವುದನ್ನು ಇನ್ನೂ ಕಲಿತಿಲ್ಲ. ಅದನ್ನು ಕಲಿಸುವ ಒಂದು ವಿದ್ಯೆಯೇ ಇದೆ ಎಂಬುದೂ ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಮೊದಲನೆಯ ಮಾತಿಗೆ ಸಾಕ್ಷಿ ಬೇಕಾದಷ್ಟಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಎದೆನೋವನ್ನು ವಾಯು ಎಂದು ತಳ್ಳಿಹಾಕುವ ಅಭ್ಯಾಸ ಹಳ್ಳಿಗಳಲ್ಲೂ ತಗ್ಗಿತು. ಮುಂದೆ ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಬೇರೆಡೆ ಇರುವ ತಜ್ಞರಿಂದ ಓದಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಅದು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿಮಾಡಿದ್ದರಿಂದ ಬಡವರಿಗೂ ಅವು ಎಟುಕುವಂತಾದವು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೆಸರು ತಿಳಿಯದ ಮನೆ ಕರ್ನಾಟಕದಲ್ಲಿ ಇರಲಾರದು. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಬಂದಾಗ ಆ ಸಂಸ್ಥೆಯ ಬಾಗಿಲಲ್ಲಿ ಜನ ಹೇಗೆ ಮುಗಿಬಿದ್ದರೆಂಬುದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಭಯವಾದಾಗ ಆಸ್ಪತ್ರೆಗೆ ಓಡುವುದನ್ನು ಕಲಿತಿದ್ದೇವೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೆಳಿಗ್ಗೆ ಏನು ಮಾಡಬೇಕು?

ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ನಮ್ಮ ಹಳ್ಳಿಯವರದು ಮಾತ್ರವಲ್ಲ, ಒಂದು ಕಾಲಕ್ಕೆ ವೈದ್ಯಶಾಸ್ತ್ರವೇ ಹಾಗೆ ನಂಬಿತ್ತು. 1912ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಹೃದಯಾಘಾತದ ಲಕ್ಷಣಗಳನ್ನು ವಿವರಿಸಿ ಬರೆದ ಮೇಲೆ ಹಲವು ದಶಕಗಳ ಕಾಲ ರೋಗಿಯನ್ನು ಆರು ವಾರವೋ ಅದಕ್ಕೂ ಹೆಚ್ಚೋ ಹಾಸಿಗೆ ಬಿಟ್ಟು ಏಳಗೊಡುತ್ತಿರಲಿಲ್ಲ. ಹೃದಯದ ಸತ್ತ ಮಾಂಸಖಂಡದ ಜಾಗದಲ್ಲಿ ಗಟ್ಟಿಯಾದ ಗಾಯದ ಕಲೆ ಮೂಡಲು ಸುಮಾರು ಆರು ವಾರ ಬೇಕಲ್ಲ, ಅಷ್ಟು ದಿನ ಅಲುಗಾಡಬಾರದು ಎಂಬುದು ಅವರ ತರ್ಕ. 1952ರಲ್ಲಿ ಬೋಸ್ಟನ್ನಿನ ಸ್ಯಾಮ್ಯುಯೆಲ್ ಲೆವೈನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಬೇಗನೆ ಹಾಸಿಗೆಯಿಂದ ಎಬ್ಬಿಸಿ ತೋಳುಕುರ್ಚಿಯಲ್ಲಿ ಕೂರಿಸಿ ನೋಡಿದರು. ಅದರಿಂದ ಕೇಡಾಗಲಿಲ್ಲ, ಒಳಿತೇ ಆಯಿತು. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ವೈದ್ಯ ಪಾಲ್ ಡಡ್ಲಿ ವೈಟ್ ಅವರನ್ನು ಮೂಲೆಗೆ ಕೂರಿಸದೆ ಹಂತಹಂತವಾಗಿ ಕೆಲಸಕ್ಕೆ ಮರಳಿಸಿದರು. ಮರುವರ್ಷವೇ ಐಸೆನ್‌ಹೋವರ್ ಚುನಾವಣೆಗೆ ನಿಂತು ಗೆದ್ದು, ಇನ್ನೊಂದು ಪೂರ್ಣ ಅವಧಿಗೆ ದೇಶವನ್ನಾಳಿದರು.

ಇನ್ನೊಂದು ಪ್ರಯೋಗವಂತೂ ನನ್ನನ್ನು ಬೆಚ್ಚಿಬೀಳಿಸಿತು. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಎದ್ದಾಗ ಅವರ ದುಡಿಯುವ ಸಾಮರ್ಥ್ಯ ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಪರೀಕ್ಷಿಸಿದಾಗ, ಮೂವತ್ತು ವರ್ಷದ ಮುಪ್ಪು ಮಾಡಿದ್ದಕ್ಕಿಂತ ಆ ಮೂರು ವಾರದ ಮಲಗುವಿಕೆ ಮಾಡಿದ ಹಾನಿಯೇ ದೊಡ್ಡದೆಂದು ಕಂಡುಬಂತು. ಗಟ್ಟಿಮುಟ್ಟಾದ ಹುಡುಗರ ಪಾಡೇ ಹೀಗಾದರೆ, ಮೂರು ವರ್ಷ ಕುರ್ಚಿಯಲ್ಲಿ ಕುಳಿತ ನನ್ನ ಅಣ್ಣನ ಪಾಡೇನು?

ಇದೆಲ್ಲ ನನಗೆ ತಿಳಿದದ್ದು ನನ್ನ ಸರದಿ ಬಂದ ಮೇಲೆ. ನಿವೃತ್ತನಾದ ಮರುವರ್ಷ, 2019ರಲ್ಲಿ, ನನಗೂ ಹೃದಯಾಘಾತವಾಯಿತು. ಅಣ್ಣನ ಅನುಭವವಿದ್ದುದರಿಂದ ಮನೆಯವರು ಸೋಡಾ ಕುಡಿಸುತ್ತ ಕೂರಲಿಲ್ಲ. ಸ್ಟೆಂಟ್ ಹಾಕಿಸಿಕೊಂಡು ಐದನೆಯ ದಿನ ಮನೆಗೆ ಬಂದೆ. ಅಣ್ಣ ಕೂರುತ್ತಿದ್ದ ಕುರ್ಚಿಯನ್ನೇ ನನಗೂ ತಂದು ಹಾಕಿದರು! ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಮಗ ನಿಲ್ಲುವುದು, ಪತ್ರಿಕೆ ಜೋರಾಗಿ ಓದಿದರೆ ಹೆಂಡತಿ ಗದರುವುದು. ಅವರಿಗಿಂತ ಹೆಚ್ಚು ಹೆದರಿದ್ದವನು ನಾನು. ಎದೆಯಲ್ಲಿ ಸಣ್ಣದಾಗಿ ಚುಳುಕ್ ಎಂದರೂ ಮುಗಿಯಿತೆಂದೇ ಭಾವಿಸುತ್ತಿದ್ದೆ. ರಾತ್ರಿ ನಿದ್ದೆಯಿಲ್ಲ, ಹಗಲು ಯಾವುದರಲ್ಲೂ ಆಸಕ್ತಿಯಿಲ್ಲ. ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆಂದೂ, ಅದು ಚೇತರಿಕೆಯನ್ನೇ ಹಿಂದಕ್ಕೆಳೆಯುತ್ತದೆಂದೂ ಆಮೇಲೆ ಓದಿದೆ. ಅಣ್ಣ ಮಾತು ಬಿಟ್ಟದ್ದೇಕೆಂದು ಆಗ ಅರ್ಥವಾಯಿತು.

ಹೀಗಿರುವಾಗ ನನ್ನ ಹಳೆಯ ಶಿಷ್ಯೆಯೊಬ್ಬಳು ನೋಡಲು ಬಂದಳು. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿ ಪದವಿ ಪಡೆದು ದೂರದ ಊರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವಳು, ರಜೆಗೆ ಹರಿಹರಕ್ಕೆ ಬಂದಿದ್ದಳು. ಉಳಿದವರೆಲ್ಲ "ಆರಾಮಾಗಿರಿ ಮೇಷ್ಟ್ರೇ" ಎಂದು ಹಣ್ಣು ಕೊಟ್ಟು ಹೋಗಿದ್ದರು. ಇವಳು ಒಂದು ನೋಟ್‌ಬುಕ್ಕು ತೆರೆದು ಕುಳಿತು ಕೇಳಿದಳು: "ಸರ್, ಮೊದಲು ಬೆಳಿಗ್ಗೆ ಎದ್ದು ರಾತ್ರಿ ಮಲಗುವ ತನಕ ಏನೇನು ಮಾಡ್ತಿದ್ರಿ? ಅದರಲ್ಲಿ ಯಾವುದು ಇಲ್ಲದಿದ್ರೆ ನಿಮಗೆ ದಿನ ಕಳೆದಂಗೇ ಅನ್ಸಲ್ಲ?"

ಯಾರೂ ಕೇಳದಿದ್ದ ಪ್ರಶ್ನೆ. ನನಗೆ ಗಂಟಲು ಕಟ್ಟಿತು. ಸಂಜೆ ಊರಿನ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದುದು, ಮುಂಜಾನೆ ನಾಲೆಯ ಏರಿಯ ಮೇಲೆ ನಡೆದು ಗದ್ದೆ ನೋಡಿ ಬರುತ್ತಿದ್ದುದು, ಇವೆರಡನ್ನು ಹೇಳಿದೆ. "ಸರಿ ಸರ್, ಇವೆರಡೂ ನಿಮ್ಮ ಗುರಿ. ನಿಮ್ಮ ಡಾಕ್ಟರ ಹತ್ರ ಕೇಳಿಕೊಂಡೇ ಶುರು ಮಾಡೋಣ" ಎಂದಳು. ವೈದ್ಯರು ನನ್ನ ಎಕೋ ವರದಿಯನ್ನೂ ಓಟದ ಪಟ್ಟಿಯ ಮೇಲಿನ ಪರೀಕ್ಷೆಯನ್ನೂ ನೋಡಿ ಒಪ್ಪಿಗೆ ಕೊಟ್ಟರು.

ಆಕ್ಯುಪೇಷನಲ್ ಥೆರಪಿಯನ್ನು ಕನ್ನಡದಲ್ಲಿ ಸಾಮಾನ್ಯವಾಗಿ ಔದ್ಯೋಗಿಕ ಚಿಕಿತ್ಸೆ ಎನ್ನುತ್ತಾರೆ. ಕೇಳಿದವರು ಇದು ನೌಕರಿಗೆ ಸಂಬಂಧಿಸಿದ್ದೆಂದೇ ತಿಳಿಯುತ್ತಾರೆ. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸವಷ್ಟೇ ಅಲ್ಲ. ಹಲ್ಲುಜ್ಜುವುದು, ಸ್ನಾನ, ಅಡುಗೆ, ಪೂಜೆ, ಪೇಟೆಗೆ ಹೋಗುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು, ಹೀಗೆ ಮನುಷ್ಯನ ದಿನವನ್ನು ತುಂಬುವ ಎಲ್ಲವೂ. ಶರಣರ ನಾಡಿನವರಾದ ನಮಗೆ ಇದಕ್ಕೆ ಕಾಯಕ ಎಂಬ ಒಳ್ಳೆಯ ಮಾತಿದೆ. ಕಾಯಕ ಚಿಕಿತ್ಸೆ ಎಂದರೆ ಹೆಚ್ಚು ಸರಿಹೊಂದೀತು ಎಂದು ನನ್ನ ಅನಿಸಿಕೆ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ ಕಾಯಚಿಕಿತ್ಸೆಗೂ ಇದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಅದು ದೇಹಕ್ಕೆ, ಇದು ದೇಹ ಮಾಡುವ ಕೆಲಸಕ್ಕೆ.

ಈ ವಿದ್ಯೆ ತೀರ ಹೊಸತೇನಲ್ಲ. 1917ರಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಒಂದು ಸಂಘ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಜಾರ್ಜ್ ಬಾರ್ಟನ್ ವೈದ್ಯರಲ್ಲ, ಕಟ್ಟಡಗಳ ವಿನ್ಯಾಸಕಾರರು. ಕ್ಷಯದಿಂದ ನರಳಿ, ದೇಹದ ಎಡಭಾಗದ ಸ್ವಾಧೀನ ಕಳೆದುಕೊಂಡು, ಮತ್ತೆ ಕೈಕೆಲಸ ಮಾಡುತ್ತ ಮಾಡುತ್ತಲೇ ಚೇತರಿಸಿಕೊಂಡವರು. ಭಾರತಕ್ಕೆ ಇದನ್ನು ತಂದವರು ಅಮೆರಿಕದಲ್ಲಿ ಹುಟ್ಟಿ ಈ ದೇಶದ ಸೊಸೆಯಾದ ಕಮಲಾ ನಿಂಬ್ಕರ್. 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಅವರು ಇದರ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘವೂ ಸ್ಥಾಪನೆಯಾಯಿತು. ಇಷ್ಟು ಹಳೆಯ ವಿದ್ಯೆ ನಮ್ಮಲ್ಲಿ ಹೆಚ್ಚಾಗಿ ಬುದ್ಧಿಮಾಂದ್ಯ ಮಕ್ಕಳಿಗೆ, ಪಾರ್ಶ್ವವಾಯು ಪೀಡಿತರಿಗೆ, ಮನೋರೋಗಿಗಳಿಗೆ ಮಾತ್ರ ಎಂಬ ಭಾವನೆ ಬೇರೂರಿದೆ. ಹೃದಯದ ರೋಗಿಗೂ ಅದು ಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ.

ನನ್ನ ಶಿಷ್ಯೆ ನನಗೆ ಕಲಿಸಿದ್ದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ಪ್ರತಿ ಕೆಲಸಕ್ಕೂ ದೇಹ ತೆರುವ ಬೆಲೆಯೊಂದಿದೆ. ಸುಮ್ಮನೆ ಕುಳಿತಾಗ ದೇಹಕ್ಕೆ ಬೇಕಾಗುವ ಆಮ್ಲಜನಕವನ್ನು 1 ಎಂದು ಇಟ್ಟುಕೊಂಡರೆ, ಸಮತಟ್ಟಾದ ನೆಲದಲ್ಲಿ ನಿಧಾನ ನಡಿಗೆಗೆ 2ರಿಂದ 3ರಷ್ಟು, ಕಸ ಗುಡಿಸಲು 3ರ ಆಸುಪಾಸು, ಸಲಿಕೆಯಲ್ಲಿ ಮಣ್ಣು ಅಗೆಯಲು 5ಕ್ಕಿಂತ ಹೆಚ್ಚು. ರೋಗಿಯ ಹೃದಯ ಈಗ ಎಷ್ಟು ಬೆಲೆ ತೆರಬಲ್ಲದೆಂಬುದನ್ನು ಪರೀಕ್ಷೆಯಿಂದ ತಿಳಿದು, ಅದರೊಳಗಿನ ಕೆಲಸಗಳಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಕೆಲಸದ ಹೆಸರಿಗಿಂತ ಅದನ್ನು ಮಾಡುವ ರೀತಿ ಮುಖ್ಯ. ಅಷ್ಟೇ ಕೆಲಸವನ್ನು ಕಾಲಿಗಿಂತ ತೋಳಿನಿಂದ ಮಾಡಿದರೆ ಹೃದಯಕ್ಕೆ ಭಾರ ಹೆಚ್ಚು. ತೋಳನ್ನು ತಲೆಯ ಮೇಲೆತ್ತಿ ಮಾಡಿದರೆ ಇನ್ನೂ ಹೆಚ್ಚು. ಉಸಿರು ಬಿಗಿಹಿಡಿದು ಭಾರ ಎತ್ತಿದರೆ, ಶೌಚದಲ್ಲಿ ಮುಕ್ಕಿದರೆ ರಕ್ತದೊತ್ತಡ ಒಮ್ಮೆಲೇ ಏರಿಳಿಯುತ್ತದೆ. ಊಟವಾದೊಡನೆ ದುಡಿದರೆ ಹೊಟ್ಟೆಗೂ ತೋಳಿಗೂ ಒಟ್ಟಿಗೆ ರಕ್ತ ಒದಗಿಸಲು ಹೃದಯ ಹೆಣಗಬೇಕಾಗುತ್ತದೆ.

ಮೂವತ್ತೈದು ವರ್ಷ ಕೈಯೆತ್ತಿ ಕಪ್ಪುಹಲಗೆಯ ಮೇಲೆ ಬರೆದ ನನಗೆ, ಅದೂ ಹೃದಯಕ್ಕೆ ಒಂದು ಶ್ರಮವೆಂಬುದು ಗೊತ್ತೇ ಇರಲಿಲ್ಲ. ಅವಳು ಹಲಗೆಯನ್ನು ಎದೆಮಟ್ಟಕ್ಕೆ ಇಳಿಸಿ ಕಟ್ಟಿಸಿದಳು, ಪಕ್ಕದಲ್ಲೊಂದು ಎತ್ತರದ ಸ್ಟೂಲು ಇಡಿಸಿದಳು. ಮೊದಲ ವಾರ ಹತ್ತು ನಿಮಿಷ ಕುಳಿತು ಪಾಠ. ಮೂರನೆಯ ವಾರ ಇಪ್ಪತ್ತು ನಿಮಿಷ, ನಡುನಡುವೆ ನಿಂತು. ಬಚ್ಚಲಿನಲ್ಲಿ ಮಣೆಯ ಬದಲು ಸ್ಟೂಲು, ತುಂಬಿದ ಬಕೆಟ್ಟಿನ ಬದಲು ಎರಡು ಅರ್ಧ ಬಕೆಟ್ಟು. ನಾಲೆಯ ಏರಿಗೆ ಮೊದಲು ಮೂರನೆಯ ಲೈಟು ಕಂಬದವರೆಗೆ, ಆಮೇಲೆ ಆರನೆಯದರವರೆಗೆ. ಶ್ರಮವನ್ನು ಅಳೆಯಲು ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಅಂಕಗಳ ಪಟ್ಟಿಯೊಂದಿದೆ. 6 ಎಂದರೆ ಏನೂ ಶ್ರಮವಿಲ್ಲ, 20 ಎಂದರೆ ಇನ್ನು ಸಾಧ್ಯವೇ ಇಲ್ಲ. "ನೀವು 11ರಿಂದ 13ರ ಒಳಗೇ ಇರಬೇಕು ಸರ್" ಎಂದಳು. ಜೀವಮಾನವೆಲ್ಲ ಹೆಚ್ಚು ಅಂಕ ತೆಗೆಯಿರೆಂದು ಮಕ್ಕಳ ಬೆನ್ನು ಹತ್ತಿದವನಿಗೆ ಶಿಷ್ಯೆಯಿಂದ ಇಂಥ ಪಾಠ! ಅಂಕದ ಗೊಂದಲವೇ ಬೇಡವೆಂದರೆ ಇನ್ನೂ ಸುಲಭದ ಒರೆಗಲ್ಲಿದೆ: ಕೆಲಸ ಮಾಡುತ್ತಲೇ ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಆಡಲು ಬರಬೇಕು.

ಮೂರು ತಿಂಗಳಾಗುವ ಹೊತ್ತಿಗೆ ನಾನು ಗದ್ದೆಯ ಬದುವಿನ ಮೇಲೆ ನಿಂತಿದ್ದೆ. ನನ್ನ ಎದೆಯೊಳಗಿನ ಗಾಯದ ಕಲೆ ಮಾಯವಾಗಿರಲಿಲ್ಲ. ಮಾಯವಾದದ್ದು ಭಯ. ಯಾವ ಚುಳುಕಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದು ತಿಳಿದಿತ್ತು. ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ನಾಳೆ ಮಕ್ಕಳಿಗೆ ಪಾಠವಿದೆ ಎಂದಾಗ ಮಾತ್ರೆ ನುಂಗಲು ಕಾರಣವಿರುತ್ತದೆ. ಅಣ್ಣನಿಗೆ ಆ ಕಾರಣವನ್ನೇ ನಾವು ಇಲ್ಲವಾಗಿಸಿದ್ದೆವು.

ಇಲ್ಲಿಯವರೆಗೆ ಗಂಡಸರ ಕಥೆಯಾಯಿತು. ಹೆಂಗಸರ ಕಥೆ ಇದಕ್ಕೆ ತದ್ವಿರುದ್ಧ. ನಮ್ಮ ಪರಿಚಯದ ಒಬ್ಬ ಗೃಹಿಣಿ ಹೃದಯಾಘಾತವಾಗಿ ಮನೆಗೆ ಬಂದ ಎಂಟನೆಯ ದಿನ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. "ನನಗೇನಾಗೇತ್ರಿ, ಆರಾಮದೀನಿ. ಮನ್ಯಾಗ ಮಾಡೋರು ಯಾರದಾರ?" ಎಂದರು. ಜೋಳದ ರೊಟ್ಟಿ ಬಡಿಯುವುದು ತೋಳಿನ ಕೆಲಸ, ಅದರ ಜೊತೆಗೆ ಒಲೆಯ ಝಳ. ನೀರಿನ ಕೊಡ ಎತ್ತುವುದು, ಬಟ್ಟೆ ಒಗೆದು ಹಿಂಡುವುದು, ತಲೆಯ ಮೇಲೆ ಕೈಯೆತ್ತಿ ಹಗ್ಗಕ್ಕೆ ಒಣಹಾಕುವುದು ಎಲ್ಲವೂ ಹೃದಯಕ್ಕೆ ಭಾರವೇ. ಅವುಗಳನ್ನು ಕೆಲಸವೆಂದು ಯಾರೂ ಎಣಿಸುವುದಿಲ್ಲ, ಅವರಿಗೆ ವಿಶ್ರಾಂತಿ ಬೇಕೆಂದೂ ಎಣಿಸುವುದಿಲ್ಲ. ಗಂಡಸಿನ ಕೈಯಿಂದ ಸಲಿಕೆ ಕಿತ್ತುಕೊಳ್ಳುವ ಮನೆಯೇ ಹೆಂಗಸಿನ ಕೈಗೆ ಕೊಡವನ್ನು ಕೊಡುತ್ತದೆ. ಕಾಯಕ ಚಿಕಿತ್ಸೆ ಈ ಎರಡು ತಪ್ಪುಗಳನ್ನೂ ತಿದ್ದಬಲ್ಲದು. ಒಬ್ಬನಿಗೆ ಯಾವಾಗ ಆರಂಭಿಸಬೇಕೆಂದು ಹೇಳಿದರೆ, ಇನ್ನೊಬ್ಬಳಿಗೆ ಯಾವುದನ್ನು ಎಷ್ಟು ದಿನ ಬೇರೆಯವರು ಮಾಡಬೇಕು, ಯಾವುದನ್ನು ಕುಳಿತು ಮಾಡಬೇಕು ಎಂಬುದನ್ನು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೇಳುತ್ತದೆ.

ನಮ್ಮ ಭಾಗದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಕಚೇರಿಯ ಕುರ್ಚಿಗೆ ಮರಳುವ ನೌಕರನಿಗೆ ಹೇಳುವ ಮಾತು ದಾವಣಗೆರೆಯ ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ನಿಲ್ಲುವವನಿಗೆ ಹೊಂದುವುದಿಲ್ಲ. ಮಾರುಕಟ್ಟೆಯಲ್ಲಿ ಭತ್ತದ ಚೀಲ ಹೊರುವ ಹಮಾಲನಿಗೆ ಬೇರೆ ಮಾತು, ಗದ್ದೆಯ ಕೆಸರಿನಲ್ಲಿ ಬಗ್ಗಿ ನಾಟಿ ಮಾಡುವವಳಿಗೆ ಬೇರೆ ಮಾತು. ಹಮಾಲನಿಗೆ ಹಳೆಯ ಕೆಲಸ ಮತ್ತೆ ಆಗದೆ ಹೋಗಬಹುದು. ಆಗ ಚೀಲ ಎಣಿಸುವ, ತೂಕ ಬರೆಯುವ ಕೆಲಸಕ್ಕೆ ಅವನನ್ನು ಸಿದ್ಧಗೊಳಿಸುವುದೂ ಈ ಚಿಕಿತ್ಸೆಯ ಭಾಗವೇ. "ಭಾರದ ಕೆಲಸ ಬೇಡ" ಎಂಬ ಮೂರು ಪದ ಅವನ ಮನೆಯ ಒಲೆಯನ್ನೇ ಆರಿಸಿಬಿಡುತ್ತದೆ. ಒಲೆ ಆರಬಾರದೆಂದು ಅವನು ಯಾರಿಗೂ ಹೇಳದೆ ಮತ್ತೆ ಚೀಲ ಹೊರುತ್ತಾನೆ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಫಿಸಿಯೋಥೆರಪಿಯವರು ಇದ್ದಾರಲ್ಲ, ಇನ್ನೊಬ್ಬರೇಕೆ ಎಂದು ಕೆಲವರು ಕೇಳುತ್ತಾರೆ. ಫಿಸಿಯೋಥೆರಪಿಯವರು ನಡಿಗೆ, ವ್ಯಾಯಾಮ, ಉಸಿರಾಟದ ಮೂಲಕ ಶಕ್ತಿಯನ್ನು ಮರಳಿ ತರುತ್ತಾರೆ. ಅದು ಬೇಕೇ ಬೇಕು. ಆ ಶಕ್ತಿಯನ್ನು ಬಚ್ಚಲಿಗೆ, ಅಡುಗೆಮನೆಗೆ, ಗದ್ದೆಗೆ ಜೋಡಿಸಿಕೊಡುವುದು ಇನ್ನೊಬ್ಬರ ಕೆಲಸ. ಗಣಿತದ ಮೇಷ್ಟ್ರು ಇದ್ದಾರೆಂದು ವಿಜ್ಞಾನದ ಮೇಷ್ಟ್ರು ಬೇಡವೆನ್ನಲಾದೀತೇ? ಇದರಿಂದ ಆಯುಸ್ಸು ಹೆಚ್ಚುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಪ್ರಾಮಾಣಿಕವಾಗಿ ಹೇಳಬೇಕಾದರೆ, ಎಲ್ಲ ಅಧ್ಯಯನಗಳೂ ಹಾಗೆ ಹೇಳುವುದಿಲ್ಲ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಸುಮಾರು 4,000 ಜನರ ಮೇಲೆ ಯೋಗಾಧಾರಿತ ಪುನಶ್ಚೇತನ ಕ್ರಮವೊಂದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವು, ಮರು ಆಘಾತಗಳು ಖಚಿತವಾಗಿ ಕಡಿಮೆಯಾದವೆಂದು ಅದರಲ್ಲಿ ಸಿದ್ಧವಾಗಲಿಲ್ಲ. ಆದರೆ ಆ ಕ್ರಮವನ್ನು ಅನುಸರಿಸಿದವರು ತಮ್ಮ ಆರೋಗ್ಯ ಮೇಲೆಂದು ಹೇಳಿದರು, ಮೊದಲಿನ ಚಟುವಟಿಕೆಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು. ಯೋಗವೂ ಕಾಯಕ ಚಿಕಿತ್ಸೆಯೂ ಒಂದೇ ಅಲ್ಲ, ನಿಜ. ಆದರೆ ಕೆಲಸಕ್ಕೆ ಮರಳುವುದನ್ನೂ ಒಂದು ಫಲವೆಂದು ನಮ್ಮ ವೈದ್ಯರು ಅಳೆದರಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಮೂರನೆಯ ಆಕ್ಷೇಪ ಅವಸರದ್ದು. ಈ ಲೇಖನ ಓದಿ ಯಾರಾದರೂ ನಾಳೆಯೇ ಸಲಿಕೆ ಹಿಡಿದರೆ ನಾನು ಇನ್ನೊಂದು ಪಾಪಕ್ಕೆ ಗುರಿಯಾದಂತೆ. ಎಲ್ಲರ ಹೃದಯವೂ ಒಂದೇ ಅಲ್ಲ. ಪಂಪಿನ ಶಕ್ತಿ ತೀರ ಕುಗ್ಗಿದವರಿದ್ದಾರೆ, ಬಡಿತದ ಲಯ ತಪ್ಪಿದವರಿದ್ದಾರೆ. ಬೈಪಾಸ್ ಆದವರಿಗೆ ಎದೆಯ ಮೂಳೆ ಕೂಡಿಕೊಳ್ಳಲು 6ರಿಂದ 12 ವಾರ ಬೇಕು. ನಿಮ್ಮ ವೈದ್ಯರು ಪರೀಕ್ಷಿಸಿ ಹೇಳಿದ ಮೇಲೆಯೇ ಯಾವುದನ್ನೂ ಆರಂಭಿಸಬೇಕು. ಕೆಲಸದ ನಡುವೆ ಎದೆ ಬಿಗಿತ, ತೋಳಿಗೋ ದವಡೆಗೋ ಹರಿಯುವ ನೋವು, ತಲೆಸುತ್ತು, ತಣ್ಣನೆಯ ಬೆವರು, ತೀರದ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಒಮ್ಮೆ ಸ್ಟೆಂಟ್ ಹಾಕಿಸಿದವರಿಗೆ ಇನ್ನೊಮ್ಮೆ ಆಗುವುದಿಲ್ಲ ಎಂಬ ಧೈರ್ಯ ಬೇಡ.

ಹಾಗಾದರೆ ಏನು ಮಾಡಬಹುದು? ಸರ್ಕಾರಕ್ಕೆ ನನ್ನ ಬಿನ್ನಹ ಎರಡು. ಹೃದಯ ಜ್ಯೋತಿಯಂಥ ಯೋಜನೆ ಚುಚ್ಚುಮದ್ದಿನೊಂದಿಗೆ ನಿಲ್ಲದೆ ಮುಂದಿನ ಮೂರು ತಿಂಗಳ ಮೇಲೂ ಕಣ್ಣಿಡಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಹೃದಯ ರೋಗಿಗಳಿಗಾಗಿಯೇ ಒಬ್ಬ ಕಾಯಕ ಚಿಕಿತ್ಸಕರಿರಲಿ, ಅವರು ವಾರಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಗಳಿಗೆ ಬರಲಿ. 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ವೃತ್ತಿಗೆ ಮಾನ್ಯತೆ ಕೊಟ್ಟಿದೆ. ಮಾನ್ಯತೆ ಹುದ್ದೆಯಾಗಬೇಕಾದದ್ದು ಉಳಿದಿದೆ. ಎರಡನೆಯದು ಇನ್ನೂ ಅಗ್ಗದ್ದು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಕಾಗದದಲ್ಲಿ ಮಾತ್ರೆಗಳ ಪಟ್ಟಿಯ ಪಕ್ಕದಲ್ಲಿ ಕನ್ನಡದಲ್ಲೊಂದು ಪುಟವಿರಲಿ: ಯಾವ ಕೆಲಸ ಯಾವ ವಾರದಿಂದ, ಎಷ್ಟು ಹೊತ್ತು, ಯಾವುದು ಎಂದಿಗೂ ಬೇಡ. ಆ ಪುಟಕ್ಕೆ ಎಷ್ಟು ಖರ್ಚಾದೀತು?

ನಾವೂ ಸುಮ್ಮನಿರಬೇಕಾಗಿಲ್ಲ. ವೈದ್ಯರು "ಆರಾಮಾಗಿರಿ" ಎಂದಾಗ "ಎಷ್ಟು ದಿನ ಸಾರ್? ಆಮೇಲೆ ಏನು ಮಾಡಬಹುದು?" ಎಂದು ಕೇಳೋಣ. ಆ ಪ್ರಶ್ನೆಯನ್ನು 2009ರಲ್ಲಿ ನಾನು ಕೇಳಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಕಳೆದ ತಿಂಗಳು ನಮ್ಮ ಬೀದಿಯ ರೈತರೊಬ್ಬರು ಸ್ಟೆಂಟ್ ಹಾಕಿಸಿಕೊಂಡು ಬಂದರು. ನೋಡಲು ಹೋದೆ. ಮನೆಯವರು ಕುರ್ಚಿ ಹಾಕಿ ಕೂರಿಸಿದ್ದರು. ಹಣ್ಣಿನ ಚೀಲವನ್ನು ಕೆಳಗಿಟ್ಟು, ನನ್ನ ಶಿಷ್ಯೆ ನನ್ನನ್ನು ಕೇಳಿದ್ದ ಪ್ರಶ್ನೆಯನ್ನೇ ಅವರನ್ನೂ ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಸಂಜಿಕ್ಕೆ ಎಮ್ಮಿ ಹಾಲು ಕರೀತಿದ್ದೆ ಮೇಷ್ಟ್ರೇ. ಈಗ ಹತ್ರಾನೂ ಬಿಡವಲ್ರು" ಎಂದರು. ಅದನ್ನು ಒಂದು ಚೀಟಿಯಲ್ಲಿ ಬರೆದು, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವೈದ್ಯರಿಗೆ ತೋರಿಸಿ ಕೇಳು ಎಂದು ಅವರ ಮಗನ ಕೈಗೆ ಕೊಟ್ಟು ಬಂದೆ.